ಆಮೆಯ ಗೂಡಿಗೆ ಕೈ ಹಾಕುವವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆಜಾನ್ ಸೀಮೆಯ ಹೊಳೆಗಳಲ್ಲಿ ಬೇಸಿಗೆ ಬಂದು ಮರಳದಿಣ್ಣೆ ಎದ್ದರೆ ಆಮೆಗಳು ಮೊಟ್ಟೆಯಿಡಲು ದಡ ಹತ್ತುತ್ತವೆ, ಅವುಗಳ ಬೆನ್ನಿಗೇ ಜನರೂ ಬರುತ್ತಾರೆ. ಕಳೆದ ಸಂಚಿಕೆಯಲ್ಲಿ ಈ ಬಗ್ಗೆ ಒಂದು ಕಿರುಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಜನ ಹುಡುಕುವುದು ಯಾವ ಆಮೆಯ ಮೊಟ್ಟೆಯನ್ನು? ಮರಳಿನಡಿ ಹೂತಿಟ್ಟದ್ದು ಅವರಿಗೆ ಗೊತ್ತಾಗುವುದಾದರೂ ಹೇಗೆ?
— ಓದುಗರು, ಹೊಸಪೇಟೆ

ಮುಖ್ಯವಾಗಿ ಎರಡು ಜಾತಿ. ದೊಡ್ಡದು ಪೊಡೊಕ್ನೆಮಿಸ್ ಎಕ್ಸ್‌ಪಾನ್ಸಾ. ಬ್ರೆಜಿಲಿನಲ್ಲಿ ಇದನ್ನು ತಾರ್ತಾರುಗಾ ಎನ್ನುತ್ತಾರೆ, ಪೆರುವಿನಲ್ಲಿ ಚರಾಪಾ. ದಕ್ಷಿಣ ಅಮೆರಿಕದ ನದಿ ಆಮೆಗಳಲ್ಲೇ ಇದು ದೊಡ್ಡದು, ಹೆಣ್ಣಿನ ಚಿಪ್ಪು 80 ಸೆಂ.ಮೀ. ಉದ್ದ ಬೆಳೆಯಬಲ್ಲದು. ಇವು ಒಂಟಿಯಾಗಿ ಬರುವುದಿಲ್ಲ. ನೂರಾರು, ಕೆಲವೆಡೆ ಸಾವಿರಾರು ಹೆಣ್ಣುಗಳು ಒಂದೇ ದಿಣ್ಣೆಯನ್ನು ಹತ್ತುತ್ತವೆ. ಬ್ರೆಜಿಲ್ ಮತ್ತು ಬೊಲಿವಿಯಾ ಗಡಿಯ ಗುವಾಪೊರೆ ನದಿಯಲ್ಲಿ ಡ್ರೋನ್ ಹಾರಿಸಿ ಮಾಡಿದ ಎಣಿಕೆಯ ಅಂದಾಜು 41,000 ದಾಟಿತ್ತು. 2025ರಲ್ಲಿ ಪ್ರಕಟವಾದ ಲೆಕ್ಕವಿದು. ಒಂದು ಹೆಣ್ಣು ಸುಮಾರು ನೂರು ಮೊಟ್ಟೆಯಿಡುತ್ತದೆ. ಗುಣಿ ಎರಡಡಿಗೂ ಆಳ.

ಎರಡನೆಯದು ಪೊಡೊಕ್ನೆಮಿಸ್ ಯೂನಿಫಿಲಿಸ್. ಬ್ರೆಜಿಲಿನವರಿಗೆ ತ್ರಕಜಾ, ಪೆರುವಿನವರಿಗೆ ತರಿಕಾಯಾ. ಮರಿಗಳ ಹಾಗೂ ಗಂಡುಗಳ ತಲೆಯ ಮೇಲಿನ ಹಳದಿ ಚುಕ್ಕೆಯಿಂದ ಗುರುತು ಸಿಗುತ್ತದೆ. ಇದು ಒಂದೊಂದಾಗಿಯೋ ಸಣ್ಣ ಗುಂಪಿನಲ್ಲೋ ಬರುತ್ತದೆ. ಮರಳೇ ಆಗಬೇಕೆಂದಿಲ್ಲ, ಜೇಡಿಮಣ್ಣಿನ ದಡ, ಹುಲ್ಲಿನ ಅಂಚು ಎಲ್ಲವೂ ನಡೆಯುತ್ತದೆ. ಮೊಟ್ಟೆ ಇಪ್ಪತ್ತರಿಂದ ನಲವತ್ತರ ಒಳಗೆ. ಗುಣಿಯ ಆಳ ಒಂದು ಗೇಣು, ಒಂದೂಕಾಲು ಗೇಣು ಅಷ್ಟೆ.

ಕಣ್ಣಿಗೆ ಮೊದಲು ಬೀಳುವುದು ಹೆಜ್ಜೆ. ನೀರಿನಿಂದ ಮೇಲೆ ಹೋದ ಸಾಲು, ಇಳಿದು ಬಂದ ಸಾಲು, ಎರಡರ ನಡುವೆ ಕೆದಕಿದ ಜಾಗ. ಅಡಿಯ ತೇವದ ಮರಳು ಮೇಲೆ ಬಂದಿರುವುದರಿಂದ ಅಷ್ಟಗಲ ಬಣ್ಣ ಗಾಢವಾಗಿರುತ್ತದೆ. ಆ ಗುರುತು ಮಾಸಿದ ಮೇಲೆ ಕಡ್ಡಿ ಕೈಗೆ ಬರುತ್ತದೆ. ಸಪೂರ ಕೋಲನ್ನು ಮರಳಿಗೆ ಒತ್ತುತ್ತ ಹೋಗುತ್ತಾರೆ. ಗಟ್ಟಿ ಮರಳು ತಡೆಯುತ್ತದೆ, ಗುಣಿಯ ಸಡಿಲ ಮರಳಿನಲ್ಲಿ ಕೋಲು ತಟ್ಟನೆ ಇಳಿಯುತ್ತದೆ. ಜೇಡಿ ದಡದಲ್ಲಿ ಬೇರೆಯದೇ ಕಥೆ. ಆಮೆ ನೀರು ಬಿಟ್ಟು ಕಲಸಿದ ಮಣ್ಣಿನಿಂದ ಬಾಯಿ ಮುಚ್ಚುತ್ತದೆ, ಒಣಗಿದ ಮೇಲೆ ಅದು ಬಿಲ್ಲೆಯಂತೆ ಬೇರೆ ಕಾಣುತ್ತದೆ. ಬಲ್ಲವರ ಕಣ್ಣು ದೋಣಿಯಲ್ಲಿ ಕೂತೇ ಅದನ್ನು ಹಿಡಿಯುತ್ತದೆ.

ಮೊದಲ ಒಂದೆರಡು ದಿನ ಗೂಡಿಗೆ ಅತಿ ಹೆಚ್ಚು ಅಪಾಯ. ಒಂದು ಜೋರು ಮಳೆ ಬಿದ್ದರೆ ಹೆಜ್ಜೆಯೂ ಹೋಯಿತು, ಬಣ್ಣವೂ ಹೋಯಿತು, ಉಳಿಯುವ ಸಾಧ್ಯತೆ ಏರಿತು.

ಬಡತನವೇ ಇದಕ್ಕೆ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಒಂದು ಗೂಡು ಉಳಿದು ಪಕ್ಕದ್ದು ಹೋಗುವುದನ್ನು ನಿಜವಾಗಿ ನಿರ್ಧರಿಸುವುದು ಯಾವುದು?
— ಓದುಗರು, ಬೆಂಗಳೂರು

ಬಡತನದ ಮಾತು ಅರ್ಧ ಸತ್ಯ. ಅದು ಯಾರು ತಿನ್ನುತ್ತಾರೆ ಎಂಬುದನ್ನು ಒಂದಿಷ್ಟು ವಿವರಿಸಬಹುದು, ಯಾವ ಗೂಡು ಹೋಗುತ್ತದೆ ಎಂಬುದನ್ನು ವಿವರಿಸುವುದಿಲ್ಲ. ಅದಕ್ಕೆ ದಡವನ್ನೇ ನೋಡಬೇಕು.

ಮೊದಲು ದೂರ. ನೇರ ಅಳತೆಯ ದೂರವಲ್ಲ, ಹೊಳೆಯ ಮೇಲೆ ಹೋಗುವ ದೂರ. ಒಳಗಿನ ಹಳ್ಳಿಗಳಲ್ಲಿ ದೋಣಿಯ ಇಂಜಿನ್ನಿಗೆ ಹಾಕುವ ಪೆಟ್ರೋಲ್ ಪಟ್ಟಣಕ್ಕಿಂತ ದುಬಾರಿ. ಮೂವತ್ತು ಮೊಟ್ಟೆಗಾಗಿ ಅರ್ಧ ದಿನದ ಇಂಧನ ಸುಡುವವರು ಕಡಿಮೆ. ಹಾಗಾಗಿ ಮೊಟ್ಟೆಗೆಂದೇ ಹೊರಡುವ ಪ್ರಯಾಣಕ್ಕಿಂತ ಬೇರೆ ಕೆಲಸಕ್ಕೆ ಹೋದಾಗ ಸಿಕ್ಕಿದ್ದನ್ನು ಎತ್ತಿಕೊಳ್ಳುವುದೇ ಹೆಚ್ಚು. ಆಮೆ ಮೊಟ್ಟೆಯಿಡುವುದು ನೀರು ಇಳಿದಾಗ, ಮೀನು ಗುಂಪುಗಟ್ಟಿ ಬಲೆಗೆ ಸಿಗುವುದೂ ಆಗಲೇ. ಮೀನುಗಾರ ಹೇಗೂ ಹೊಳೆಯಲ್ಲಿರುತ್ತಾನೆ, ರಾತ್ರಿ ಮಲಗಲು ದೋಣಿ ಕಟ್ಟುವುದೂ ಅದೇ ದಿಣ್ಣೆಗೆ. ಗೂಡಿನ ದೃಷ್ಟಿಯಿಂದ ಇದು ಕೆಟ್ಟ ಕಾಕತಾಳೀಯ. ಹಳ್ಳಿಯ ಹತ್ತಿರವಿದ್ದೂ ದೋಣಿಯ ದಾರಿಯಿಂದ ಮರೆಯಾದ ದಿಣ್ಣೆ ಉಳಿಯುವುದುಂಟು, ದೂರವಿದ್ದರೂ ಮೀನುಗಾರರು ತಂಗುವ ದಿಣ್ಣೆ ಬರಿದಾಗುವುದುಂಟು. ಊರಿನಿಂದ ಎಷ್ಟು ಕಿಲೋಮೀಟರ್ ಎಂಬ ಒಂದೇ ಅಂಕಿಯನ್ನು ನಂಬಿ ನಕ್ಷೆ ಬರೆಯುವವರು ಎಡವುವುದು ಇಲ್ಲಿಯೇ.

ಎರಡನೆಯದು ಗೂಡಿನ ಜಾಗ. ತೆರೆದ, ಎತ್ತರದ, ಬೆಳ್ಳನೆಯ ಮರಳಿನಲ್ಲಿ ಗುರುತು ಎದ್ದು ಕಾಣುತ್ತದೆ. ಹುಲ್ಲಿನ ಮರೆಯಲ್ಲಿ ಅಥವಾ ಕಲ್ಲುಗಳ ನಡುವಿನ ತುಂಡು ಮರಳಿನಲ್ಲಿ ಇಟ್ಟದ್ದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ತ್ರಕಜಾ ಚದುರಿಕೊಂಡು ಮೊಟ್ಟೆಯಿಡುವುದರಿಂದ ಒಂದಷ್ಟು ಗೂಡು ತಪ್ಪಿಸಿಕೊಳ್ಳುತ್ತವೆ. ತಾರ್ತಾರುಗಾದ ಗುಣಿ ಎಷ್ಟು ಆಳವಿದ್ದರೇನು, ಇಡೀ ದಿಣ್ಣೆಯೇ ಗೂಡು, ಹುಡುಕುವ ಕಷ್ಟವೇ ಇಲ್ಲ. ಕಾವಲಿಲ್ಲದ ನದಿಗಳಲ್ಲಿ ತಾರ್ತಾರುಗಾ ಮೊದಲು ಕಾಣೆಯಾಗಿ ತ್ರಕಜಾ ಹೇಗೋ ಉಳಿದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಮೂರನೆಯದು ಪೇಟೆ. ಮನೆಯ ಊಟಕ್ಕಾದರೆ ಎರಡು ಗೂಡು ಸಾಕು. ಮೊಟ್ಟೆಗೆ ಪಟ್ಟಣದಲ್ಲಿ ಕೊಳ್ಳುವವರಿದ್ದರೆ ಮಿತಿ ಎಂಬುದು ಇರುವುದಿಲ್ಲ, ಹೊರಗಿನ ದೋಣಿಗಳೂ ಬರುತ್ತವೆ. ಕೊಳ್ಳುವವರು ಬಡವರಲ್ಲ ಎನ್ನುವುದನ್ನು ಗಮನಿಸಿ. ಆಮೆ ಮಾಂಸ ಮತ್ತು ಮೊಟ್ಟೆ ಅಮೆಜಾನಿನ ಪಟ್ಟಣಗಳಲ್ಲಿ ಹಬ್ಬದೂಟದ ಭಕ್ಷ್ಯ.

ನಾಲ್ಕನೆಯದೇ ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ದಿಣ್ಣೆ ಯಾರದು, ಅಲ್ಲಿ ರಾತ್ರಿ ಯಾರು ಇದ್ದಾರೆ? ಬ್ರೆಜಿಲಿನ ಜುರುವಾ ನದಿಯ ನಡುಭಾಗದಲ್ಲಿ ಹಳ್ಳಿಯವರೇ ಕಾಯುವ ದಿಣ್ಣೆಗಳಿವೆ, ಯಾರೂ ಕಾಯದವೂ ಇವೆ. 2018ರಲ್ಲಿ ‘ನೇಚರ್ ಸಸ್ಟೇನಬಿಲಿಟಿ’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಕಾವಲಿದ್ದ ಕಡೆ ಕಳ್ಳರ ಪಾಲಾದ ಗೂಡು ಶೇ. 2ರಷ್ಟು, ಕಾವಲಿಲ್ಲದ ಕಡೆ ಶೇ. 99. ಅದೇ ನದಿ, ಅದೇ ಬಡತನ, ಅದೇ ಕಾನೂನು. ಕಾವಲುಗಾರರು ದಿಣ್ಣೆಯ ಎದುರಿನ ದಡದಲ್ಲಿ ಗುಡಿಸಲು ಹಾಕಿಕೊಂಡು ಇಡೀ ಹಂಗಾಮು ಅಲ್ಲೇ ಇರುತ್ತಾರೆ. ಪ್ರತಿಯಾಗಿ ಸಿಗುವುದು ದಿನಸಿಯ ಬುಟ್ಟಿ, ಅದೂ ಅವರ ದುಡಿಮೆಗೆ ಸಾಲದು. ಇಷ್ಟು ಕಡಿಮೆಗೆ ಇಷ್ಟು ಕೆಲಸ ಮಾಡಿಸಿಕೊಂಡು ಅದನ್ನು ‘ಸಮುದಾಯದ ಸಹಭಾಗಿತ್ವ’ ಎಂದು ಕರೆಯುವುದರ ಬಗ್ಗೆ ನಮಗೆ ತಕರಾರಿದೆ. ಆದರೆ ಫಲಿತಾಂಶದ ಬಗ್ಗೆ ಇಲ್ಲ.

ವಯಸ್ಸು, ಓದು, ಮನೆಯಲ್ಲಿ ಎಷ್ಟು ಜನ, ಊರಿಗೆ ಬಂದು ಎಷ್ಟು ಕಾಲವಾಯಿತು ಎಂಬುದೂ ಎಣಿಕೆಗೆ ಬರುತ್ತದೆ. ಇವು ನದಿಯಿಂದ ನದಿಗೆ ಬದಲಾಗುತ್ತವೆ, ಒಂದೆಡೆಯ ಫಲಿತಾಂಶವನ್ನು ಇನ್ನೊಂದೆಡೆಗೆ ಹಾಗೇ ಎತ್ತಿಡಲು ಬರುವುದಿಲ್ಲ.

ಹಿಂದಿನ ಕಾಲದಲ್ಲಿ ಮೊಟ್ಟೆಯಿಂದ ಎಣ್ಣೆ ತೆಗೆಯುತ್ತಿದ್ದರು ಎಂದು ಬರೆದಿದ್ದಿರಿ. ಎಷ್ಟು ಪ್ರಮಾಣದಲ್ಲಿ?
— ಓದುಗರು, ಧಾರವಾಡ

ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಹೆನ್ರಿ ವಾಲ್ಟರ್ ಬೇಟ್ಸ್ 1850ರ ದಶಕದಲ್ಲಿ ಅಮೆಜಾನಿನ ಮೇಲ್ಭಾಗದ ಎಗಾ ಎಂಬ ಊರಲ್ಲಿ, ಅಂದರೆ ಇಂದಿನ ತೆಫೆಯಲ್ಲಿ, ಬಹುಕಾಲ ಇದ್ದು ಇದರ ಲೆಕ್ಕ ಹಾಕಿದ್ದಾನೆ. ಮೇಲ್ಭಾಗದ ಅಮೆಜಾನ್ ಮತ್ತು ಮದೈರಾ ನದಿ ಸೇರಿ ವರ್ಷಕ್ಕೆ ಸುಮಾರು 8,000 ಜಾಡಿ ಎಣ್ಣೆ, ಒಂದು ಜಾಡಿಗೆ ಸುಮಾರು 6,000 ಮೊಟ್ಟೆ. ಗುಣಿಸಿದರೆ 4.8 ಕೋಟಿ ಮೊಟ್ಟೆ. ಒಂದು ಹೆಣ್ಣಿಗೆ 120ರಂತೆ ನಾಲ್ಕು ಲಕ್ಷ ಹೆಣ್ಣುಗಳ ಒಂದು ವರ್ಷದ ಸಂತಾನ.

ವಿಧಾನ ಸರಳ. ಮೊಟ್ಟೆಗಳನ್ನು ಖಾಲಿ ದೋಣಿಗೆ ಸುರಿದು ಮುರಿದು ತುಳಿಯುತ್ತಾರೆ, ನೀರು ಹೊಯ್ದು ಬಿಸಿಲಿಗೆ ಬಿಡುತ್ತಾರೆ. ಮೇಲೆ ತೇಲಿದ ಎಣ್ಣೆಯನ್ನು ಚಿಪ್ಪಿನಿಂದ ತೆಗೆದು ತಾಮ್ರದ ಹಂಡೆಯಲ್ಲಿ ಕಾಯಿಸಿ ಶುದ್ಧ ಮಾಡುತ್ತಾರೆ. ದೀಪಕ್ಕೂ ಅಡುಗೆಗೂ ಅದೇ.

ಇದಕ್ಕೂ ಅರ್ಧ ಶತಮಾನ ಮೊದಲು, 1800ರ ಏಪ್ರಿಲಿನಲ್ಲಿ, ಒರಿನೊಕೊ ನದಿಯಲ್ಲಿ ಜರ್ಮನ್ ನಿಸರ್ಗಶಾಸ್ತ್ರಜ್ಞ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇದೇ ಸುಗ್ಗಿಯನ್ನು ಕಂಡಿದ್ದ. ಅವನು ದಾಖಲಿಸಿದ ಒಂದು ವಿವರ ಇಂದಿಗೂ ಸಲ್ಲುತ್ತದೆ. ಜೆಸ್ಯೂಟ್ ಪಾದ್ರಿಗಳ ಆಡಳಿತವಿದ್ದಾಗ ದಿಣ್ಣೆಯ ಒಂದು ಭಾಗವನ್ನು ಅಗೆಯದೆ ಬಿಡಬೇಕಿತ್ತು. ಅವರ ನಂತರ ಬಂದವರು ಆ ನಿಯಮ ಕೈಬಿಟ್ಟರು, ಇಡೀ ದಿಣ್ಣೆ ಅಗೆಯುವುದು ಶುರುವಾಯಿತು, ಇಳುವರಿ ಕುಸಿಯುತ್ತಿದೆ ಎಂದು ಜನರೇ ಹೇಳತೊಡಗಿದ್ದರು.

ನೂರು ಮೊಟ್ಟೆಯಲ್ಲಿ ಒಂದೆರಡು ಮರಿ ಬದುಕುವುದೇ ಹೆಚ್ಚು ಎನ್ನುತ್ತೀರಿ. ಹಾಗಾದರೆ ಒಂದಿಷ್ಟು ಮೊಟ್ಟೆ ತಿಂದರೆ ಆಗುವ ನಷ್ಟವೇನು?
— ಓದುಗರು, ಮೈಸೂರು

ತರ್ಕ ತಪ್ಪಲ್ಲ, ಆದರೆ ಯಾವ ಮೊಟ್ಟೆ ಎಂಬುದರ ಮೇಲೆ ನಿಂತಿದೆ.

ಹೇಗೂ ಹಾಳಾಗುವ ಮೊಟ್ಟೆಗಳಿವೆ. ಬೇಸಿಗೆಯ ನಡುವೆಯೇ ಮೇಲಿನ ಮಳೆಗೆ ನದಿ ದಿಢೀರನೆ ಉಬ್ಬುವುದುಂಟು, ಅಮೆಜಾನಿನವರು ಇದನ್ನು ರೆಪಿಕೆಟೆ ಎನ್ನುತ್ತಾರೆ. ನೀರಿನ ಅಂಚಿನಲ್ಲಿ ತಗ್ಗಿನಲ್ಲಿಟ್ಟ ಗೂಡು ಒಂದೆರಡು ದಿನ ಮುಳುಗಿದರೆ ಒಳಗಿನ ಭ್ರೂಣಕ್ಕೆ ಗಾಳಿ ಸಿಗದೆ ಸಾಯುತ್ತದೆ. ಕಿಕ್ಕಿರಿದ ದಿಣ್ಣೆಯಲ್ಲಿ ತಡವಾಗಿ ಬಂದ ತಾರ್ತಾರುಗಾ ಮೊದಲಿನವುಗಳ ಗುಣಿಯನ್ನೇ ಬಗೆದು ಹಾಕುತ್ತದೆ. ಸಮುದ್ರದಾಮೆಗಳಲ್ಲೂ ಹೀಗೇ. ಕೋಸ್ಟರಿಕಾದ ಓಸ್ತಿಯೊನಾಲ್ ತೀರದಲ್ಲಿ ಸಾಮೂಹಿಕ ಮೊಟ್ಟೆಯಿಡುವಿಕೆಯ ಮೊದಲ 36 ಗಂಟೆ ಸಂಗ್ರಹಕ್ಕೆ ಅನುಮತಿ ಕೊಟ್ಟಿರುವುದು ಈ ಲೆಕ್ಕದ ಮೇಲೆಯೇ. ಇಂಥ ಮೊಟ್ಟೆಯನ್ನು ತೆಗೆದರೆ ಸಂಖ್ಯೆಗೆ ಬೀಳುವ ಪೆಟ್ಟು ತೀರಾ ಸಣ್ಣದು. ಕಷ್ಟವೆಂದರೆ ಮನುಷ್ಯನಿಗೆ ಸುಲಭಕ್ಕೆ ಕಾಣುವುದು ಎತ್ತರದ ತೆರೆದ ಮರಳಿನ ಗೂಡು. ನೆರೆಯಿಂದ ಉಳಿಯಬಹುದಾದ ಗೂಡೂ ಅದೇ.

ಇನ್ನೊಂದು ಲೆಕ್ಕ ನೋಡಿ. ಉದಾಹರಣೆಗಷ್ಟೇ ಹೇಳುವುದು: ಒಂದು ಹೆಣ್ಣು ವರ್ಷಕ್ಕೆ ನೂರರಂತೆ ಇಪ್ಪತ್ತು ವರ್ಷ ಮೊಟ್ಟೆಯಿಟ್ಟರೆ 2,000. ಸಂಖ್ಯೆ ಸ್ಥಿರವಾಗಿರಲು ಅವುಗಳಲ್ಲಿ ಎರಡು ದೊಡ್ಡವಾದರೆ ಸಾಕು. ಅಂದರೆ ಹತ್ತು ಗೂಡು ಕಳೆದುಕೊಂಡ ನಷ್ಟವನ್ನು ಮುಂದಿನ ವರ್ಷಗಳು ತುಂಬಿಕೊಡಬಹುದು. ಮೊಟ್ಟೆಯಿಡಲು ದಡಕ್ಕೆ ಬಂದ ಹೆಣ್ಣನ್ನೇ ಮಗುಚಿ ಹಾಕಿ ಒಯ್ದರೆ ಅದನ್ನು ತುಂಬಲು ವರ್ಷಗಟ್ಟಲೆ ಬೇಕು, ಏಕೆಂದರೆ ಹೊಸ ಹೆಣ್ಣು ಬಲಿಯಲು ಬಹಳ ಕಾಲ ಹಿಡಿಯುತ್ತದೆ. ದೀರ್ಘಾಯುವಾದ ಆಮೆಗಳ ಸಂಖ್ಯೆಯ ಲೆಕ್ಕಾಚಾರಗಳೆಲ್ಲ ಬೆರಳು ತೋರುವುದು ಇಲ್ಲಿಗೇ: ಬೆಳೆದ ಹೆಣ್ಣಿನ ಉಳಿವು ಮೊದಲು, ಮೊಟ್ಟೆ ಆಮೇಲೆ. ಗೂಡಿನ ಎಣಿಕೆಯಲ್ಲಷ್ಟೇ ಮುಳುಗಿದ ಯೋಜನೆಗಳು ಕೆಲವೊಮ್ಮೆ ಇದನ್ನು ಮರೆಯುತ್ತವೆ. ಹಾಗೆಂದು ಎಲ್ಲ ಗೂಡುಗಳನ್ನೂ ಪ್ರತಿವರ್ಷ ತೆಗೆಯುತ್ತ ಹೋದರೆ? ಹೊಳೆಯಲ್ಲಿ ಮುದಿ ಆಮೆಗಳು ಕಾಣುತ್ತಲೇ ಇರುತ್ತವೆ, ಎಲ್ಲ ಸರಿಯಿದೆ ಎನಿಸುತ್ತದೆ. ಅವು ಸತ್ತಾಗಲೇ ಕೆಳಗಿನ ತಲೆಮಾರು ಇಲ್ಲವೆಂಬುದು ತಿಳಿಯುವುದು.

ಗೂಡು ಬರಿದಾದರೆ ಅದು ಮನುಷ್ಯನ ಕೆಲಸವೋ ಪ್ರಾಣಿಯದೋ ಎಂದು ಸಮೀಕ್ಷೆ ಮಾಡುವವರು ಹೇಗೆ ತೀರ್ಮಾನಿಸುತ್ತಾರೆ?
— ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ, ಶಿವಮೊಗ್ಗ

ಪ್ರಾಣಿ ಅಲ್ಲೇ ತಿನ್ನುತ್ತದೆ, ಮನುಷ್ಯ ಒಯ್ಯುತ್ತಾನೆ. ಅರ್ಧ ಉತ್ತರ ಇಷ್ಟೇ. ತೇಗು ಎಂಬ ದೊಡ್ಡ ಹಲ್ಲಿ, ಕಾಡುನರಿ, ಕರಿ ರಣಹದ್ದು ಬಂದ ಕಡೆ ಹರಿದ ಮೊಟ್ಟೆಸಿಪ್ಪೆ ಸುತ್ತಲೂ ಚೆಲ್ಲಿರುತ್ತದೆ, ತೋಡಿದ ಗುಂಡಿ ಇಳಿಜಾರಾಗಿ ಒಂದೇ ಕಡೆಗೆ ಮಣ್ಣು ಎಸೆದಿರುತ್ತದೆ, ಉಗುರಿನ ಗೆರೆ ಇರುತ್ತದೆ. ಮನುಷ್ಯ ತೆಗೆದ ಗುಣಿ ಅಗಲ, ಅಂಚು ನೇರ, ಸಿಪ್ಪೆ ಇಲ್ಲವೇ ಇಲ್ಲ. ಸುತ್ತ ಕಡ್ಡಿ ಚುಚ್ಚಿದ ತೂತು, ಕಾಲಿನ ಗುರುತು, ದೋಣಿ ಎಳೆದ ಗೀರು. ಕೆಲವರು ಮರಳನ್ನು ಮತ್ತೆ ಮುಚ್ಚಿ ಸಮ ಮಾಡಿ ಹೋಗುತ್ತಾರೆ, ಅದನ್ನು ಕಡ್ಡಿಯಿಂದಲೇ ಕಂಡುಹಿಡಿಯಬೇಕು.

ತಪ್ಪು ಆಗುವುದು ಎರಡು ಕಡೆ. ಮನುಷ್ಯ ಒಯ್ದ ಮೇಲೆ ಅಳಿದುಳಿದ ಒಂದೆರಡು ಮೊಟ್ಟೆಯ ವಾಸನೆಗೆ ಹಲ್ಲಿ ಬರುತ್ತದೆ. ಸಿಪ್ಪೆ ಕಂಡು ಪ್ರಾಣಿಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಎರಡನೆಯದು ಇನ್ನೂ ಮೋಸದ್ದು: ನೀವು ತಲುಪುವ ಮೊದಲೇ ಖಾಲಿಯಾಗಿ ಮಳೆಗೆ ಅಳಿಸಿಹೋದ ಗೂಡು ನಿಮ್ಮ ಪಟ್ಟಿಗೇ ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹೋದರೆ ನಷ್ಟದ ಪ್ರಮಾಣ ಕಡಿಮೆ ಕಾಣುತ್ತದೆ, ದಿನಬಿಟ್ಟು ದಿನ ಹೋದರೆ ಹೆಚ್ಚು. ಎರಡು ನದಿಗಳ ಅಂಕಿಗಳನ್ನು ಹೋಲಿಸುವ ಮೊದಲು ಎಷ್ಟು ದಿನಕ್ಕೊಮ್ಮೆ ಹೋದರು ಎಂದು ಕೇಳಿ.

ಗುರುತಿಗೆಂದು ಗೂಡಿನ ಮೇಲೆಯೇ ಕೋಲು ನೆಡಬೇಡಿ, ಬಟ್ಟೆ ಕಟ್ಟಬೇಡಿ. ಅದು ಕಳ್ಳನಿಗೆ ಕೊಟ್ಟ ವಿಳಾಸ. ಜಿಪಿಎಸ್ ಅಂಕಿಯ ಜೊತೆಗೆ ಯಾವುದಾದರೂ ಮರ ಅಥವಾ ಬಂಡೆಯಿಂದ ಇಷ್ಟು ಮೀಟರ್, ಈ ದಿಕ್ಕು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಜಿಪಿಎಸ್ ಒಂದೇ ಸಾಲದು, ಅದರ ಕೆಲವು ಮೀಟರಿನ ವ್ಯತ್ಯಾಸದಲ್ಲಿ ನಾಲ್ಕಾರು ಗೂಡು ಇರುತ್ತವೆ.

ಜನರನ್ನು ಕೇಳುವಾಗಲೂ ಎಚ್ಚರ ಬೇಕು. ಕಾನೂನಿಗೆ ವಿರುದ್ಧವಾದ ಕೆಲಸವನ್ನು ‘ನೀವು ಮಾಡುತ್ತೀರಾ’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ. ಹಿಂದಿನ ವಾರ ಏನೇನು ಊಟವಾಯಿತು, ಮೀನಿಗೆ ಎಲ್ಲಿ ಹೋಗಿದ್ದಿರಿ, ಹಿಂದೆ ಎಷ್ಟು ಗೂಡು ಕಾಣುತ್ತಿತ್ತು, ಈಗೆಷ್ಟು ಎಂದು ಸುತ್ತಿ ಬನ್ನಿ. ಮನೆಯ ಹೆಂಗಸರನ್ನೂ ಕೇಳಿ, ಅಡುಗೆಮನೆಗೆ ಬಂದ ಲೆಕ್ಕ ಅವರ ಬಳಿ ಇರುತ್ತದೆ.

ಗೂಡು ಹೇಗೂ ಕಳ್ಳತನವಾಗುತ್ತದೆ ಅಥವಾ ಮುಳುಗುತ್ತದೆ ಎಂದಾದರೆ ಬೇರೆಡೆ ಒಯ್ದು ಮರಿ ಮಾಡಿಸಬಹುದಲ್ಲವೇ? ಹೇಗೆ ಮಾಡುತ್ತಾರೆ?
— ಓದುಗರು, ಶಿರಸಿ

ಮಾಡುತ್ತಾರೆ. ಪೆರುವಿನ ಪಕಾಯಾ ಸಮಿರಿಯಾ ಮೀಸಲು ಪ್ರದೇಶದಲ್ಲಿ ಹಳ್ಳಿಯ ಗುಂಪುಗಳು ಕೃತಕ ಮರಳುಮಡಿ ಕಟ್ಟಿ ತರಿಕಾಯಾ ಮೊಟ್ಟೆಗಳನ್ನು ಅಲ್ಲಿಗೆ ವರ್ಗಾಯಿಸುತ್ತವೆ. ಬ್ರೆಜಿಲಿನಲ್ಲಿ ಅಮೆಜೊನಾಸ್ ವಿಶ್ವವಿದ್ಯಾಲಯದವರು 1999ರಲ್ಲಿ ಶುರುಮಾಡಿದ ಪೆ ಜಿ ಪಿಂಚಾ ಯೋಜನೆಯೂ ಇದೇ ದಾರಿಯದು. ಮೊದಲೇ ಹೇಳಿಬಿಡುತ್ತೇವೆ, ಭಾರತದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇದನ್ನು ಯಾರೂ ಮಾಡುವಂತಿಲ್ಲ. ವಿಧಾನವನ್ನು ತಿಳಿವಳಿಕೆಗಾಗಿ ಕೊಟ್ಟಿದ್ದೇವೆ.

ಕಾಲವೇ ಮುಖ್ಯ. ಮೊಟ್ಟೆಯಿಟ್ಟ ಕೆಲವು ಗಂಟೆಗಳೊಳಗೆ ಎತ್ತಿದರೆ ಸಲೀಸು. ಸುಮಾರು ಒಂದು ದಿನ ಕಳೆದ ಮೇಲೆ ಭ್ರೂಣ ಸಿಪ್ಪೆಯ ಒಳಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದು ಹರಿದು ಸಾಯುತ್ತದೆ. ಕೋಳಿಮೊಟ್ಟೆಯನ್ನು ಕಾವಿನಲ್ಲಿ ತಿರುಗಿಸುತ್ತಲೇ ಇರಬೇಕು, ಇದನ್ನು ತಿರುಗಿಸಲೇಬಾರದು. ಆದ್ದರಿಂದ ಎತ್ತುವ ಮೊದಲೇ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಮೆತ್ತನೆಯ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಾರೆ. ಕೆಲಸ ಬೆಳಗಿನ ತಂಪಿನಲ್ಲಿ ಅಥವಾ ಸಂಜೆ.

ತೋಡುವಾಗ ಎರಡು ಅಳತೆ: ಮೇಲ್ಮೈಯಿಂದ ಮೊದಲ ಮೊಟ್ಟೆಗೆ ಎಷ್ಟು, ತಳಕ್ಕೆ ಎಷ್ಟು. ಪೆಟ್ಟಿಗೆಯಲ್ಲಿ ಅದೇ ಗೂಡಿನ ತೇವದ ಮರಳನ್ನು ನಾಲ್ಕೈದು ಸೆಂ.ಮೀ. ಹಾಸಿ ಮೊಟ್ಟೆ ಜೋಡಿಸಿ, ಮೇಲೆ ಮರಳು ಮುಚ್ಚಿ, ಅಲುಗಾಡದಂತೆ ಕೈಯಲ್ಲೇ ಒಯ್ಯಬೇಕು. ಇಂಜಿನ್ ದೋಣಿಯ ತಳದಲ್ಲಿಟ್ಟರೆ ಕಂಪನಕ್ಕೆ ಹಾಳಾಗುವ ಅಪಾಯವಿದೆ, ಮಡಿಲಲ್ಲಿಟ್ಟುಕೊಳ್ಳುವುದು ಮೇಲು. ಹೊಸ ಗುಣಿ ಹಳೆಯದರ ಆಳಕ್ಕೇ ಇರಬೇಕು, ಬಾಯಿ ಕಿರಿದಾಗಿ ತಳ ಅಗಲವಾಗಿ ಹೂಜಿಯ ಆಕಾರದಲ್ಲಿ. ತಳದ ಮೊಟ್ಟೆ ತಳಕ್ಕೆ, ಮೇಲಿನದು ಮೇಲಕ್ಕೆ. ಮರಳನ್ನು ಒತ್ತಿ ಗಟ್ಟಿ ಮಾಡಬಾರದು. ಗೂಡಿನಿಂದ ಗೂಡಿಗೆ ಒಂದು ಮೀಟರ್ ಬಿಟ್ಟರೆ ಒಂದರಲ್ಲಿ ಬಂದ ಹುಳ, ಬೂಷ್ಟು ಇನ್ನೊಂದಕ್ಕೆ ಬೇಗ ಹಬ್ಬದು. ಮೇಲೆ ಹಲ್ಲಿ ತಡೆಯುವ ಬಲೆ, ಮರಿ ಹೊರಬರುವ ಹೊತ್ತಿಗೆ ಅದನ್ನು ತೆಗೆಯಬೇಕು. ಎರಡು ತಿಂಗಳ ಆಸುಪಾಸಿನಲ್ಲಿ ಮರಿ ಒಡೆಯುತ್ತದೆ, ಬಿಸಿ ಹೆಚ್ಚಿದ್ದರೆ ಬೇಗ.

ಕೆಡುವುದು ಎಲ್ಲಿ? ಪ್ರೀತಿಯಿಂದ ನೆರಳು ಮಾಡಿಕೊಟ್ಟಲ್ಲಿ! ಈ ಆಮೆಗಳಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣತೆ ನಿರ್ಧರಿಸುತ್ತದೆ. ತಾರ್ತಾರುಗಾದಲ್ಲಿ ಸುಮಾರು 32-33 ಡಿಗ್ರಿಯ ಆಚೆ ಹೆಣ್ಣು, ಈಚೆ ಗಂಡು. ಮರದಡಿ ಮಡಿ ಕಟ್ಟಿದರೆ ಮರಿ ಒಡೆಯುವ ಪ್ರಮಾಣ ಚೆನ್ನಾಗಿಯೇ ಇರುತ್ತದೆ, ವರದಿಯಲ್ಲಿ ಹೊಗಳಿಕೆಯೂ ಬರುತ್ತದೆ, ಹೊಳೆಗೆ ಬಿಟ್ಟದ್ದೆಲ್ಲ ಗಂಡು. ತೆಳುವಾಗಿ ಹೂತು ಕಡುಬಿಸಿಲಿಗೆ ಬಿಟ್ಟರೆ ಭ್ರೂಣ ಬೆಂದುಹೋಗುತ್ತದೆ. ಹಾಗಾಗಿ ಮೂಲ ಗೂಡಿನ ಬಿಸಿಲು, ಆಳ, ಮರಳಿನ ಕಾಳು ಮೂರನ್ನೂ ಹೊಂದಿಸುವುದು ಕ್ಷೇಮ. ಎಲ್ಲಕ್ಕಿಂತ ಕ್ಷೇಮ, ಗೂಡನ್ನು ಅಲ್ಲೇ ಬಿಟ್ಟು ಕಾಯುವುದು.

ಬ್ರೆಜಿಲಿನಲ್ಲಿ ಇದಕ್ಕೆ ಕಾನೂನಿಲ್ಲವೇ?
— ಓದುಗರು, ಕಲಬುರಗಿ

1967ರಿಂದಲೂ ವನ್ಯಪ್ರಾಣಿ ಬೇಟೆಗೆ ನಿಷೇಧವಿದೆ. 1998ರ ಪರಿಸರ ಅಪರಾಧ ಕಾಯ್ದೆಯಲ್ಲಿ ಹಸಿವು ನೀಗಿಸಿಕೊಳ್ಳಲು ಅನಿವಾರ್ಯವಾಗಿ ಪ್ರಾಣಿ ಕೊಂದರೆ ಅಪರಾಧವಲ್ಲ ಎಂಬ ವಿನಾಯಿತಿಯಿದೆ. ಮನೆಯ ಊಟಕ್ಕೂ ಮಾರಾಟಕ್ಕೂ ನಡುವಿನ ಗೆರೆ ಎಲ್ಲಿ ಎಂಬುದು ಹೊಳೆಯ ಮಧ್ಯೆ ನಿಂತ ಅರಣ್ಯ ಸಿಬ್ಬಂದಿಗೆ ಸುಲಭದ ಪ್ರಶ್ನೆಯಲ್ಲ. ಸಿಬ್ಬಂದಿಯೂ ಬೆರಳೆಣಿಕೆ.

ಅಣೆಕಟ್ಟಿನ ಪಾತ್ರವೇನು?
— ಓದುಗರು, ಆಲಮಟ್ಟಿ

ಹಿನ್ನೀರಿನಲ್ಲಿ ದಿಣ್ಣೆ ಮುಳುಗುತ್ತದೆ, ಕೆಳಗೆ ನೀರು ಬಿಟ್ಟ ದಿನ ಗೂಡು ಮುಳುಗುತ್ತದೆ. ಇದು ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದ್ದು ಇನ್ನೊಂದಿದೆ. ಉಳಿದ ಕೆಲವೇ ಎತ್ತರದ ಜಾಗಗಳಿಗೆ ಆಮೆಗಳೆಲ್ಲ ಸೇರುತ್ತವೆ, ಹುಡುಕುವವನ ಕೆಲಸ ಹಗುರವಾಗುತ್ತದೆ. ಜೊತೆಗೆ ಯೋಜನೆಗೆಂದು ಮಾಡಿದ ರಸ್ತೆ ಪೇಟೆಯನ್ನು ಹತ್ತಿರ ತರುತ್ತದೆ. ಬ್ರೆಜಿಲಿನ ಅಮಾಪಾ ರಾಜ್ಯದ ಅರಗ್ವಾರಿ ನದಿಯಲ್ಲಿ ಹಿನ್ನೀರು ತ್ರಕಜಾ ಗೂಡುಗಳ ಜಾಗವನ್ನು ನುಂಗಿದ್ದು ದಾಖಲಾಗಿದೆ. ಅಲ್ಲಿ ನೀರೇರಿದಾಗ ದಡದ ಜನರೇ ಮೊಟ್ಟೆ, ಮರಿ ಎತ್ತಿ ಉಳಿಸಿದ್ದೂ ದಾಖಲಾಗಿದೆ.

ನಮ್ಮ ಪಯಸ್ವಿನಿಯಲ್ಲೂ ದೊಡ್ಡ ಆಮೆ ಇದೆಯಂತೆ. ಮರಳಿನಲ್ಲಿ ಗೂಡು ಕಂಡರೆ ಏನು ಮಾಡಬೇಕು?
— ಓದುಗರು, ಸುಳ್ಯ

ಇದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುವ ಈ ಹೊಳೆಯಲ್ಲಿ ಪೆಲೊಕೆಲಿಸ್ ಕ್ಯಾಂಟೊರಿ ಎಂಬ ದೈತ್ಯ ಮೆದುಚಿಪ್ಪಿನ ಆಮೆ ಬದುಕಿದೆ. ದೇಶದಲ್ಲಿ ಇದು ಗೂಡು ಮಾಡುವುದು ದಾಖಲಾದ ಜಾಗಗಳೇ ತೀರಾ ವಿರಳ. ಚಂದ್ರಗಿರಿ ದಡದ ನಿವಾಸಿಗಳು ಕೊಟ್ಟ ಸುಳಿವಿನಿಂದಲೇ ಸಂಶೋಧಕರಿಗೆ ಹೆಣ್ಣು ಮೊಟ್ಟೆಯಿಡುವುದು ಸಿಕ್ಕಿತು. ನೀರು ನುಗ್ಗಿದ ಗೂಡಿನ ಮೊಟ್ಟೆಗಳನ್ನು ತೆಗೆದು ಮರಿ ಮಾಡಿ ಹೊಳೆಗೆ ಬಿಟ್ಟರು, 2024ರಲ್ಲಿ ವರದಿ ಪ್ರಕಟವಾಯಿತು. ಕೃಷ್ಣಾ, ತುಂಗಭದ್ರಾ, ಕಾವೇರಿ ಕಡೆಯವರಿಗೆ ಇದರ ಜಾಗದಲ್ಲಿ ಲೀತ್ ಆಮೆ ಎಂಬ ಇನ್ನೊಂದು ಮೆದುಚಿಪ್ಪಿನದು, ಅದೂ ಅಳಿವಿನ ಅಂಚಿನದು. ಇಲ್ಲಿನ ಮುಖ್ಯ ಆಪತ್ತು ಮೊಟ್ಟೆಗಿಂತ ಗಾಳ, ಬಲೆ, ಮಾಂಸದ ಬೇಟೆ ಮತ್ತು ದಿಣ್ಣೆಯನ್ನೇ ಟಿಪ್ಪರಿಗೆ ತುಂಬುವ ಮರಳುಗಾರಿಕೆ. ಚಂಬಲ್ ನದಿಯಲ್ಲಿ ಬಟಾಗುರ್ ಎಂಬ ಗುಂಪಿನ ನದಿ ಆಮೆಗಳಿಗೂ ಮರಳು ತೆಗೆಯುವುದು, ದಿಣ್ಣೆಯ ಮೇಲೆ ಬೆಳೆ ಹಾಕುವುದು, ನರಿ, ಇವೇ ಕಂಟಕ.

ಗೂಡು ಕಂಡರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಸರೀಸೃಪದ ಮೊಟ್ಟೆ ಹಾಳುಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ. ದೂರದಿಂದ ಫೋಟೊ ತೆಗೆಯಿರಿ, ಜಾಗ ಬರೆದುಕೊಳ್ಳಿ, ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಫೋಟೊವನ್ನು ಊರಿನ ಹೆಸರಿನೊಂದಿಗೆ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ನಾಯಿಯನ್ನು ದಿಣ್ಣೆಗೆ ಬಿಡಬೇಡಿ. ಗಾಳಕ್ಕೆ ಆಮೆ ಸಿಕ್ಕಿದ್ದರೆ ದಾರ ಜಗ್ಗಬೇಡಿ, ಗಂಟಲಿನ ಒಳಗೆ ಹರಿಯುತ್ತದೆ. ಕೊಕ್ಕೆ ಹೊರಗೆ ಕಾಣುತ್ತಿದ್ದರೆ ದಾರ ಕತ್ತರಿಸಿ ಇಲಾಖೆಯವರಿಗಾಗಿ ಕಾಯಿರಿ. ಕೈಯನ್ನು ಬಾಯಿಯ ಬಳಿ ಒಯ್ಯಬೇಡಿ, ಇದರ ಕತ್ತು ನೀವೆಣಿಸಿದ್ದಕ್ಕಿಂತ ಉದ್ದ.

ಮೊಟ್ಟೆಯ ರುಚಿ ಹೇಗಿರುತ್ತದೆ, ಹೇಗೆ ತಿನ್ನುತ್ತಾರೆ?
— ಓದುಗರು, ಮಂಗಳೂರು

ಹಸಿ ಮೊಟ್ಟೆಯನ್ನು ಮರಗೆಣಸಿನ ಹಿಟ್ಟು, ಸಕ್ಕರೆಯೊಂದಿಗೆ ಕಲಸಿ ಕಡೆದು ತಿನ್ನುವುದು ಬ್ರೆಜಿಲಿನ ಅಮೆಜಾನಿನ ಹಳೆಯ ರೂಢಿ. ಅರಬು, ಮುಜಾಂಗೆ ಎಂದೆಲ್ಲ ಹೆಸರು. ಬೇಯಿಸಿಯೂ ತಿನ್ನುತ್ತಾರೆ, ಲೋಳೆ ಮಾತ್ರ ಕೋಳಿಮೊಟ್ಟೆಯದರಂತೆ ಗಟ್ಟಿಯಾಗುವುದಿಲ್ಲ. ರುಚಿಯ ಬಗ್ಗೆ ಈ ಅಂಕಣ ತೀರ್ಪು ಕೊಡುವುದಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ತಲೆಯ ಮೇಲೆ ಹಳದಿ ಚುಕ್ಕೆಯ ಆಮೆಮರಿ ನೋಡಿದೆ. ಅದೂ ಅಮೆಜಾನಿನದೇ?
— ಓದುಗರು, ಹುಬ್ಬಳ್ಳಿ

ಇರಬಹುದು. ಪಕಾಯಾ ಸಮಿರಿಯಾದ ಗುಂಪುಗಳು ಮರಿ ಮಾಡಿಸಿದ ತರಿಕಾಯಾಗಳಲ್ಲಿ ಒಂದು ಪಾಲನ್ನು ಹೊಳೆಗೆ ಬಿಟ್ಟು, ನಿಗದಿಯಾದ ಇನ್ನೊಂದು ಪಾಲನ್ನು ಕಾನೂನುಬದ್ಧವಾಗಿ ಮಾರುತ್ತವೆ. ಅವು ಮುಖ್ಯವಾಗಿ ಹಾಂಗ್‌ಕಾಂಗ್, ಚೀನಾ ಕಡೆಗೆ ಹೋಗುತ್ತವೆ. ದಿಣ್ಣೆ ಕಾದವರಿಗೆ ಕಾಸು ಸಿಗುವ ಕೆಲವೇ ದಾರಿಗಳಲ್ಲಿ ಇದೊಂದು, ಹಾಗಾಗಿ ಸಾರಾಸಗಟು ಹಳಿಯಲು ನಾವು ಸಿದ್ಧರಿಲ್ಲ. ಆದರೆ ಈ ಜಾತಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಆಮದು ಪತ್ರ ತೋರಿಸದ ಅಂಗಡಿಯಿಂದ ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದರೆ, 2024ರ ನಿಯಮಗಳಂತೆ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಸಾಕಿ ಬೇಸರವಾಯಿತೆಂದು ಉಣಕಲ್ ಕೆರೆಗೆ ಮಾತ್ರ ಬಿಡಬೇಡಿ.